ಟಿಬಿ ಗುಳಿಗೆ ಮುಗಿದರೂ ನಿಲ್ಲದ ಕೆಮ್ಮು: ಥಣಿಸಂದ್ರದ ಶೆಡ್ಡಿನ ಒಂದು ಪ್ರಕರಣ

ದಾಖಲೆಯ ಪ್ರಕಾರ ಇವರ ಚಿಕಿತ್ಸೆ ಯಶಸ್ವಿ. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಟಿಬಿ ಗುಳಿಗೆ ನುಂಗಿದ್ದಾರೆ. ಕಾರ್ಡಿನಲ್ಲಿ 'ಚಿಕಿತ್ಸೆ ಪೂರ್ಣ' ಅಂತ ಬರೆದಿದೆ. ಟಿಬಿ ಕಾರ್ಯಕ್ರಮದ ಲೆಕ್ಕದಲ್ಲಿ ಹೀಗೆ ಪೂರ್ಣ ಮಾಡಿದವರೂ ಯಶಸ್ಸಿನ ಪಟ್ಟಿಗೇ ಸೇರುತ್ತಾರೆ. ಆದರೆ ಕೆಮ್ಮು ಹೋಗಿರಲಿಲ್ಲ. ದಮ್ಮು ಇನ್ನೂ ಜಾಸ್ತಿಯಾಗಿತ್ತು.

ವಯಸ್ಸು ಸುಮಾರು 48. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯವರು. ಗಂಡ, ಮಗ, ಸೊಸೆ, ಮೂರು ವರ್ಷದ ಮೊಮ್ಮಗಳ ಜೊತೆ ಬೆಂಗಳೂರಿನ ಥಣಿಸಂದ್ರದ ಆಚೆ ಕಟ್ಟಡ ಕೆಲಸದವರ ತಗಡಿನ ಶೆಡ್ಡಿನಲ್ಲಿ ವಾಸ. ಬೀಡಿ ಸೇದಿದವರಲ್ಲ. ಊಟ ಆದ ಮೇಲೆ ಎಲೆ ಅಡಿಕೆ ಇದೆ, ಅಷ್ಟೆ. ಹೆಸರು ಬರೆಯಬೇಡಿ ಅಂದಿದ್ದಾರೆ. ಶೆಡ್ಡಿನ ಸಾಲಿನಲ್ಲಿ ಎಲ್ಲರೂ ಅವರನ್ನು 'ಅವ್ವ' ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಈ ಶೆಡ್ಡುಗಳಿಗೆ ಹೋಗಿಬರುವ ಪುಟ್ಟ ಆರೋಗ್ಯ ತಂಡದಲ್ಲಿ ನಾನಿದ್ದೇನೆ. ಡಾಕ್ಟರ್ ಅಲ್ಲ. ಪರೀಕ್ಷೆ, ಔಷಧಿಯ ತೀರ್ಮಾನಗಳೆಲ್ಲ ಡಾಕ್ಟರದು. ನನ್ನ ಕೆಲಸ ಕೇಳಿಸಿಕೊಳ್ಳೋದು, ಜೊತೆಗೆ ಹೋಗೋದು, ಮತ್ತೆ ಹೋಗಿ ನೋಡೋದು.

ಬಡವರ, ಹಳ್ಳಿಯವರ ಉಸಿರಾಟದ ಕಾಯಿಲೆ ಅಂದ ಕೂಡಲೇ ಮೀಟಿಂಗುಗಳಲ್ಲಿ ಬರುವ ಮೊದಲ ಮಾತು 'ಜಾಗೃತಿ ಇಲ್ಲ' ಅನ್ನೋದು. ಈ ಪ್ರಕರಣವನ್ನು ಇಷ್ಟು ಉದ್ದ ಬರೆಯೋದಕ್ಕೆ ಆ ಮಾತೇ ಕಾರಣ. ಅವ್ವನಿಗೆ ತನ್ನ ಕಾಯಿಲೆಯ ಬಗ್ಗೆ ಗೊತ್ತಿದ್ದದ್ದು ಕಡಿಮೆಯೇನಲ್ಲ. ಅದನ್ನು ಯಾರೂ ಕೇಳಿರಲಿಲ್ಲ.

ಕೇಳಿದಾಗ ಅವರು ಹೇಳಿದ್ದು ಇಷ್ಟು: "ಜ್ವರ ಇಲ್ರಿ. ರಾತ್ರಿ ಬೆವರೂ ಇಲ್ಲ. ಒಲಿ ಮುಂದ ಕುಂತ್ರ ಎದಿ ಬಿಗಿ ಹಿಡೀತದ. ಥಂಡ್ಯಾಗ ಜಾಸ್ತಿ. ಊರಾಗ ತೊಗರಿ ಕಟಗಿ ಹಚ್ಚತಿದ್ದೆವು, ಅದರ ಹೊಗಿಗೆ ಕಣ್ಣ ಉರೀತಿತ್ತು, ಎದಿ ಉರೀತಿರಲಿಲ್ಲ. ಇಲ್ಲಿ ಬಂದ ಮ್ಯಾಲ ಹಲಗಿ ಹಚ್ಚತೀವಿ ನೋಡ್ರಿ, ಅದು ಬ್ಯಾರೆನೇ ಹೊಗಿ."

ಈ ಐದಾರು ಮಾತಿನಲ್ಲಿ ಅರ್ಧ ರೋಗನಿದಾನ ಇದೆ. ಜ್ವರ ಇಲ್ಲ, ಬೆವರಿಲ್ಲ, ಹೊಗೆಗೂ ಚಳಿಗೂ ಹೆಚ್ಚಾಗುತ್ತದೆ, ವರ್ಷಗಟ್ಟಲೆ ಇದೆ. ಯಾವ ಹೊಗೆ ಹೆಚ್ಚು ಕೆಟ್ಟದ್ದು ಅಂತಲೂ ಅವರೇ ಗುರುತಿಸಿದ್ದಾರೆ. ಹಲಗೆ ಅಂದರೆ ಸೈಟಿನಲ್ಲಿ ಬಿಸಾಡಿದ ಸೆಂಟ್ರಿಂಗ್ ಹಲಗೆ, ಪ್ಲೈವುಡ್ ತುಂಡು. ಕಾಂಕ್ರೀಟ್ ಅಂಟದಿರಲಿ ಅಂತ ಸೆಂಟ್ರಿಂಗ್ ಹಲಗೆಗೆ ಎಣ್ಣೆ ಬಳಿದಿರುತ್ತಾರೆ. ಪ್ಲೈವುಡ್ಡಿನ ಪದರಗಳನ್ನು ಫಾರ್ಮಾಲ್ಡಿಹೈಡ್ ಇರುವ ಅಂಟಿನಿಂದ ಕೂಡಿಸಿರುತ್ತಾರೆ. ಅದೆಲ್ಲ ಉರಿದು ಬರೋದು ಬರೀ ಕಟ್ಟಿಗೆಯ ಹೊಗೆ ಅಲ್ಲ.

ಇನ್ನೊಂದು ವಿಷಯ ಅಡುಗೆಯ ಪ್ರಮಾಣ. ಅವ್ವ ಐದು ಜನಕ್ಕಷ್ಟೇ ಅಡುಗೆ ಮಾಡುತ್ತಿರಲಿಲ್ಲ. ಸಾಲಿನಲ್ಲಿ ಹೆಂಡಂದಿರನ್ನು ಊರಲ್ಲಿ ಬಿಟ್ಟು ಬಂದ ಗಂಡಸರಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದರು, ದುಡ್ಡಿಗೆ. ಮೊದಲು ಗೌಂಡಿ ಕೈಕೆಳಗೆ ಹೆಲ್ಪರ್ ಆಗಿದ್ದರು. ಮರಳು ಹೊತ್ತು ಮೆಟ್ಟಿಲು ಹತ್ತೋಕೆ ದಮ್ಮು ಬಿಡದೇ ಹೋದಾಗ ರೊಟ್ಟಿಗೆ ಕುಳಿತರು. ಅಂದರೆ ಉಸಿರಿನ ಕಾಯಿಲೆ ಅವರನ್ನು ಸೀದಾ ಒಲೆಯ ಮುಂದೆ ತಂದು ಕೂರಿಸಿತು. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಜೋಳದ ರೊಟ್ಟಿ ದೂರ ನಿಂತು ಮಾಡುವ ಕೆಲಸವಲ್ಲ. ಬಡಿಯಬೇಕು, ಹೆಂಚಿಗೆ ಹಾಕಬೇಕು, ಮೇಲೆ ನೀರು ಸವರಬೇಕು, ಆಮೇಲೆ ಒಲೆಯ ಬಾಯಿಗೆ ನಿಲ್ಲಿಸಿ ಕೆಂಡದ ಶಾಖಕ್ಕೆ ಉಬ್ಬಿಸಬೇಕು. ಮುಖ ಉರಿಯಿಂದ ಒಂದು ಮೊಳ ದೂರದಲ್ಲೇ ಇರುತ್ತದೆ. ಶೆಡ್ಡಿಗೆ ಕಿಟಕಿ ಇಲ್ಲ. ಬಾಗಿಲೇ ಹೊಗೆಗಂಡಿ.

ಗಾಳಿಯಲ್ಲಿನ ಸಣ್ಣ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಒಂದು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 15 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 60. ಕಟ್ಟಿಗೆ ಒಲೆ ಉರಿಯುವ ಮುಚ್ಚಿದ ಅಡುಗೆಮನೆಯಲ್ಲಿ ಇದು ನೂರಾರು ಇರುತ್ತದೆ, ಎಷ್ಟೋ ಸಲ ಸಾವಿರ ದಾಟುತ್ತದೆ. ಬೆಂಗಳೂರಿನ ಟ್ರಾಫಿಕ್ ಹೊಗೆಯ ಬಗ್ಗೆ ನಾವು ಇಷ್ಟೊಂದು ಮಾತಾಡುತ್ತೇವಲ್ವಾ, ರಿಂಗ್ ರಸ್ತೆಯಿಂದ ಸ್ವಲ್ಪ ದೂರದ ಈ ತಗಡಿನ ಕೆಳಗಿನ ಗಾಳಿಯನ್ನು ಅಳೆಯುವವರು ಯಾರೂ ಇಲ್ಲ.

ಇನ್ನು ಚಿಕಿತ್ಸೆಯ ಹಾದಿ. ಊರಲ್ಲಿ ಮೊದಲು ಸೂಜಿ. ದಮ್ಮು ಜಾಸ್ತಿಯಾದಾಗ ಹೋಗೋದು, ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬರೋದು. ಒಂದೆರಡು ದಿನ ಹಗುರ. ಯಾವ ಇಂಜೆಕ್ಷನ್ ಅಂತ ಚೀಟಿ ಇರಲಿಲ್ಲ. ಒಂದು ವರ್ಷ ಮೃಗಶಿರಾ ಮಳೆಗೆ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿ ಬಂದಿದ್ದರು. ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ಜೂನ್ ತಿಂಗಳಲ್ಲಿ ಹೀಗೆ ಹೋಗಿಬರುವವರು ಬಹಳ. ಪುಟ್ಟ ಜೀವಂತ ಮೀನಿನ ಬಾಯಲ್ಲಿ ಹಳದಿ ಬಣ್ಣದ ಮದ್ದು ಇಟ್ಟು ನುಂಗಿಸುತ್ತಾರೆ. ಅದರಿಂದ ದಮ್ಮು ವಾಸಿಯಾಗುತ್ತದೆ ಅನ್ನೋದಕ್ಕೆ ವೈದ್ಯಕೀಯ ಪುರಾವೆ ಇಲ್ಲ. ಅವ್ವನಿಗೂ ಅದು ಗೊತ್ತಾಗಿತ್ತು. "ಮೀನ ಹೋತು, ರೊಕ್ಕ ಹೋತು, ದಮ್ಮ ಹಾಂಗೇ ಉಳೀತು" ಅಂತ ನಕ್ಕರು. ಇದನ್ನು ಮೂಢನಂಬಿಕೆ ಅಂತ ಬರೆದು ಮುಗಿಸೋದು ಸುಲಭ. ಆದರೆ ನೋಡಿ, ಹೋದರು, ಪರೀಕ್ಷಿಸಿದರು, ಕೆಲಸ ಮಾಡಲಿಲ್ಲ, ಬಿಟ್ಟರು. ಇಂಜೆಕ್ಷನ್ ಹಾಕುತ್ತಲೇ ಹೋದವರಿಗಿಂತ ಅವ್ವನ ತರ್ಕವೇ ನನಗೆ ಸರಿ ಅನ್ನಿಸುತ್ತದೆ.

ಬೆಂಗಳೂರಿಗೆ ಬಂದ ಮೇಲೆ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಕಂಡಿತು. ತೂಕವೂ ಇಳಿದಿತ್ತು. ಎರಡು ವಾರ ಮೀರಿದ ಕೆಮ್ಮು ಇದ್ದರೆ ಟಿಬಿ ಪರೀಕ್ಷೆ ಮಾಡಬೇಕು ಅನ್ನೋದು ನಿಯಮ. ಅದರಂತೆ ಕಫ ಕಳಿಸಿದರು. ಕಫದಲ್ಲಿ ಟಿಬಿ ಸಿಗಲಿಲ್ಲ. ಆದರೂ ಎಕ್ಸ್‌ರೇ ಮತ್ತು ಲಕ್ಷಣ ನೋಡಿ ಟಿಬಿ ಚಿಕಿತ್ಸೆ ಶುರು ಮಾಡಿದರು. ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ.

ಇದನ್ನು ತಪ್ಪು ಅಂತ ಸುಮ್ನೆ ಹೇಳಿಬಿಡೋಕೆ ಆಗಲ್ಲ. ಕಫದಲ್ಲಿ ಕಾಣದಿದ್ದರೂ ಡಾಕ್ಟರ್ ತಮ್ಮ ತೀರ್ಮಾನದ ಮೇಲೆ ಟಿಬಿ ಚಿಕಿತ್ಸೆ ಕೊಡಬಹುದು, ನಿಯಮದಲ್ಲೇ ಅವಕಾಶ ಇದೆ. ಎಷ್ಟೋ ಜನ ಅದರಿಂದ ಬದುಕಿದ್ದಾರೆ. ಅದೂ ಅಲ್ಲದೆ ಕಟ್ಟಿಗೆ ಹೊಗೆ ಕುಡಿದವರಿಗೆ ಟಿಬಿ ಬರುವ ಸಾಧ್ಯತೆಯೂ ಜಾಸ್ತಿ. ನನ್ನ ತಕರಾರು ಶುರುವಿನ ಬಗ್ಗೆ ಅಲ್ಲ, ಮುಂದಿನದರ ಬಗ್ಗೆ. ಎರಡು ತಿಂಗಳಾಯಿತು, ಕೆಮ್ಮು ಇಳಿಯಲಿಲ್ಲ. ನಾಲ್ಕಾಯಿತು, ಇಳಿಯಲಿಲ್ಲ. ಪ್ರತಿ ಸಲವೂ ಕೇಳಿದ ಪ್ರಶ್ನೆ ಒಂದೇ: ಗುಳಿಗೆ ತಪ್ಪಿಸಿದ್ರಾ? ದಮ್ಮು ಹೇಗಿದೆ ಅಂತ ಕೇಳಲಿಲ್ಲ.

ಆ ಆರು ತಿಂಗಳು ಶೆಡ್ಡಿನಲ್ಲಿ ನಡೆದದ್ದೇ ಬೇರೆ ಕಥೆ. ಸುದ್ದಿ ಹಬ್ಬಿತು. ರೊಟ್ಟಿ ಕೊಳ್ಳುವವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಸೊಸೆ ಮಗುವನ್ನು ಅವ್ವನ ಪಕ್ಕ ಮಲಗಿಸೋದು ಬಿಟ್ಟಳು. ತಟ್ಟೆ, ಲೋಟ ಬೇರೆಯಾದವು. ತಟ್ಟೆ ಲೋಟದಿಂದ ಟಿಬಿ ಹರಡಲ್ಲ, ಗಾಳಿಯಿಂದ ಹರಡುತ್ತದೆ. ಕಫದಲ್ಲೇ ರೋಗಾಣು ಇಲ್ಲದವರಿಂದ ಹರಡುವ ಸಂಭವವೂ ಕಡಿಮೆ. ಇದನ್ನು ಮನೆಯವರಿಗೆ ಕೂರಿಸಿ ಹೇಳಿದವರು ಯಾರೂ ಇರಲಿಲ್ಲ. ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ ಕೊಡುವ ಹಣ, ಆಗ ತಿಂಗಳಿಗೆ 500 ರೂಪಾಯಿ, ಬಂತು. ಕೈತಪ್ಪಿದ ರೊಟ್ಟಿ ದುಡ್ಡಿನ ಮುಂದೆ ಅದು ಯಾವ ಲೆಕ್ಕ?

ಚಿಕಿತ್ಸೆ ಮುಗಿದ ಮೇಲೆ ನಮ್ಮ ತಂಡದ ಡಾಕ್ಟರ್ ನೋಡಿದರು. ಕಫವನ್ನು ಮತ್ತೆ ಪರೀಕ್ಷೆಗೆ ಕಳಿಸಿದರು, ಏನೂ ಇಲ್ಲ. ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಅಕ್ಕಪಕ್ಕ ಇಟ್ಟು ನೋಡಿದರು. ಕಲೆ ಇದ್ದ ಹಾಗೇ ಇತ್ತು, ಹಳೆಯ ಗಾಯದ ಗುರುತಿನ ಹಾಗೆ. ಆಮೇಲೆ ಸ್ಪೈರೊಮೆಟ್ರಿ ಬರೆದರು. ಊದುವ ಪರೀಕ್ಷೆ.

ಈ ಪರೀಕ್ಷೆ ಕೇಳೋಕೆ ಸಲೀಸು, ಮಾಡೋಕೆ ಕಷ್ಟ. ಮೂಗಿಗೆ ಕ್ಲಿಪ್ ಹಾಕುತ್ತಾರೆ. ಎದೆ ತುಂಬ ಉಸಿರು ಎಳೆದು, ಒಂದೇ ಸಮ ಜೋರಾಗಿ ಕನಿಷ್ಠ ಆರು ಸೆಕೆಂಡ್ ಊದಬೇಕು. ಟೆಕ್ನಿಷಿಯನ್ "ಊದಿ ಊದಿ ಊದಿ" ಅಂತ ಕೂಗುತ್ತಿದ್ದರೆ ಅವ್ವ ಅರ್ಧಕ್ಕೇ ಕೆಮ್ಮಿ ಬಿಡುತ್ತಿದ್ದರು. ಕೊನೆಗೆ ನಾನು "ಅವ್ವಾ, ಹಸಿ ಕಟಗಿ ಹತ್ತವಲ್ದು ಅಂದ್ರ ಊದಗೊಳವಿ ಹಿಡದು ಹ್ಯಾಂಗ ಊದತೀರಿ, ಹಾಂಗ ಊದ್ರಿ" ಅಂದೆ. ಆಗ ಊದಿದರು. ಆಮೇಲೆ ಉಸಿರಿನ ಕೊಳವೆ ಅಗಲ ಮಾಡುವ ಸಾಲ್ಬುಟಮಾಲ್ ಔಷಧಿ ಎಳೆಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸಿದರು. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಗಾಳಿಯಿಂದ ಭಾಗಿಸಿದರೆ 0.7ಕ್ಕಿಂತ ಕಡಿಮೆ ಬರಬಾರದು. ಔಷಧಿ ಎಳೆದ ಮೇಲೂ ಅವ್ವನದು ಆ ಗೆರೆಗಿಂತ ಸಾಕಷ್ಟು ಕೆಳಗಿತ್ತು. ಸಿಒಪಿಡಿ. ಉಸಿರಿನ ಕೊಳವೆಗಳು ಊದಿ, ಕಿರಿದಾಗಿ, ಮತ್ತೆ ಪೂರ್ತಿ ಅಗಲವಾಗದ ಕಾಯಿಲೆ. ಅಸ್ತಮಾದಲ್ಲಿ ಬಿಗಿತ ಬರುತ್ತದೆ, ಹೋಗುತ್ತದೆ. ಇದರಲ್ಲಿ ಬಹುಪಾಲು ಉಳಿದೇಬಿಡುತ್ತದೆ.

ಸಿಒಪಿಡಿ ಅಂದರೆ ಸಿಗರೇಟಿನ ಕಾಯಿಲೆ ಅಂತ ಡಾಕ್ಟರುಗಳಲ್ಲೂ ಎಷ್ಟೋ ಜನರ ತಲೆಯಲ್ಲಿ ಕೂತುಬಿಟ್ಟಿದೆ. 2016ರ ಲೆಕ್ಕದಲ್ಲಿ ಭಾರತದಲ್ಲಿ ಸುಮಾರು 5.5 ಕೋಟಿ ಜನಕ್ಕೆ ಇದು ಇತ್ತು. ಈ ಕಾಯಿಲೆಯ ಹೊರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ವಾಯುಮಾಲಿನ್ಯದ್ದು. ಅದರಲ್ಲಿ ಮನೆಯೊಳಗಿನ ಒಲೆ ಹೊಗೆಯೂ ಸೇರಿದೆ. ತಂಬಾಕಿನದು ಸುಮಾರು ಕಾಲು ಭಾಗ. ಆದರೆ ಗೋಡೆಯ ಪೋಸ್ಟರಿನಲ್ಲಿ ಏನಿರುತ್ತದೆ? ಪ್ಯಾಂಟು ಶರ್ಟು ಹಾಕಿದ ಗಂಡಸು, ಕೈಯಲ್ಲಿ ಸಿಗರೇಟು, ಕಪ್ಪಾದ ಶ್ವಾಸಕೋಶ. ಅವ್ವ ಆ ಪೋಸ್ಟರನ್ನು ಆಸ್ಪತ್ರೆಯಲ್ಲಿ ಎಷ್ಟೋ ಸಲ ನೋಡಿದ್ದರು. ತನಗೂ ಅದಕ್ಕೂ ಸಂಬಂಧ ಇದೆ ಅಂತ ಅವರಿಗೆ ಯಾಕೆ ಅನ್ನಿಸಬೇಕು?

ಇಲ್ಲಿ ಒಂದು ಹಳೆಯ ಅಧ್ಯಯನ ನೆನಪಾಗುತ್ತದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಶುರುವಾದದ್ದು 1959ರಲ್ಲಿ. ಥಣಿಸಂದ್ರದ ಈ ಶೆಡ್ಡುಗಳಿಂದ ಹೆಬ್ಬಾಳ ದಾಟಿ ಹೋದರೆ ಸಿಗುತ್ತದೆ. ಅಲ್ಲಿ ಕೆಲಸ ಮಾಡುತ್ತಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಇದ್ದವರನ್ನು ಮಾತಾಡಿಸಿ, 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯವರಿಗೆ ಅರಿವಿಲ್ಲ, ತಾವಾಗಿ ಬರಲ್ಲ ಅನ್ನೋದು ಆಗಿನ ನಂಬಿಕೆ. ಈ ಇಬ್ಬರಿಗೆ ಕಂಡದ್ದು ಉಲ್ಟಾ. ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಮುಕ್ಕಾಲು ಪಾಲು ಜನ ಅದರ ಬಗ್ಗೆ ಚಿಂತೆಯಲ್ಲಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರಲ್ಲಿ ಎಷ್ಟೋ ಜನಕ್ಕೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಆಗ ಟಿಬಿ ಇದ್ದವರನ್ನು ಕೆಮ್ಮಿನ ಸಿರಪ್ ಕೊಟ್ಟು ಕಳಿಸಿದರು. ಅವ್ವನ ವಿಷಯದಲ್ಲಿ ಟಿಬಿ ಗುಳಿಗೆ ಕೊಟ್ಟು ದಮ್ಮನ್ನು ಮರೆತರು. ಬಂದವರ ಮಾತು ಪೂರ್ತಿ ಕೇಳದಿರೋದು ಎರಡರಲ್ಲೂ ಒಂದೇ.

ರೋಗ ಗೊತ್ತಾದ ಮೇಲೆ ಕೆಲಸ ಸುಲಭವಾಗಲಿಲ್ಲ. ಇನ್ಹೇಲರ್ ಅಂದ ಕೂಡಲೇ ಮಗ ಬೇಡ ಅಂದ. "ಪಂಪ್ ಒಮ್ಮಿ ಹಚ್ಚಿದ್ರ ಬಿಡಂಗಿಲ್ರಿ ಅಕ್ಕಾರ, ಅದು ಕಡೀ ಔಷಧಿ" ಅನ್ನೋದು ಅವನ ವಾದ. ಇದು ಹಳ್ಳಿಯ ಮಾತಷ್ಟೇ ಅಲ್ಲ, ಜಯನಗರದ ಓದಿದ ಮನೆಗಳಲ್ಲೂ ಇದೇ ಮಾತು ಕೇಳಿದ್ದೇನೆ. ಚಟ ಹಿಡಿಯಲ್ಲ ಅಂತ ಡಾಕ್ಟರ್ ಹೇಳಿದರು. ಮಗ ತಲೆ ಆಡಿಸಿದ, ನಂಬಲಿಲ್ಲ. ಅವ್ವ ಮಾತೇ ಆಡಲಿಲ್ಲ.

ಅವರನ್ನು ಒಪ್ಪಿಸಿದ್ದು ರೊಟ್ಟಿ. ಮೆಡಿಕಲ್ ಸ್ಟೋರಿನವರು ಕೊಟ್ಟಿದ್ದ ಸಾಲ್ಬುಟಮಾಲ್ ಗುಳಿಗೆಯನ್ನು ಅವ್ವ ತುಂಬ ದಿನದಿಂದ ನುಂಗುತ್ತಿದ್ದರು. ಒಂದು ಸಂಜೆ ರೊಟ್ಟಿ ಬಡಿಯುವಾಗ ನೋಡಿದೆ. ಬಲಗೈ ಬೆರಳು ಸಣ್ಣಗೆ ನಡುಗುತ್ತಿದ್ದವು. ರೊಟ್ಟಿಯ ಅಂಚು ಹರಿಯುತ್ತಿತ್ತು. ಅವರು ನೀರು ಹಚ್ಚಿ ಅಂಚು ಕೂಡಿಸುತ್ತಿದ್ದರು, ಮತ್ತೆ ಹರಿಯುತ್ತಿತ್ತು. "ವಯಸ್ಸಾತು" ಅಂದರು. ವಯಸ್ಸಲ್ಲ, ಗುಳಿಗೆ. ಕೈ ನಡುಕ ಆ ಗುಳಿಗೆಯ ಗೊತ್ತಿರುವ ಅಡ್ಡಪರಿಣಾಮ. ಲೆಕ್ಕ ಹಾಕಿ ತೋರಿಸಿದೆ. ಗುಳಿಗೆಯಲ್ಲಿ 4 ಮಿಲಿಗ್ರಾಂ ಇದೆ, ಅಂದರೆ 4000 ಮೈಕ್ರೋಗ್ರಾಂ. ಪಂಪಿನ ಒಂದು ಒತ್ತಿಗೆ 100. ಗುಳಿಗೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಇಡೀ ಮೈ ಸುತ್ತಿ ಎದೆಗೆ ಬರಬೇಕು. ಪಂಪಿನದು ನೇರ ಎದೆಗೇ ಹೋಗುತ್ತದೆ. ಒಂದು ಗುಳಿಗೆ ನಲವತ್ತು ಒತ್ತಿಗೆ ಸಮ. "ಹಾಂಗಾದ್ರ ಕಡೀ ಔಷಧಿ ಯಾವುದು?" ಅಂತ ಅವ್ವ ಮಗನ ಕಡೆ ತಿರುಗಿ ಕೇಳಿದರು. ಮಗ ಸುಮ್ಮನಾದ.

ಆಮೇಲಿನ ತೊಂದರೆ ಕೈಚಳಕದ್ದು. ದಿನಾ ಎಳೆಯೋಕೆ ಅಂತ ಡಾಕ್ಟರ್ ಪುಡಿ ಇರುವ ಕ್ಯಾಪ್ಸೂಲ್ ಬರೆದಿದ್ದರು. ಅಂಗಡಿಯವರು ಕ್ಯಾಪ್ಸೂಲ್ ಡಬ್ಬಿ ಕೊಟ್ಟರು, ಎಳೆಯುವ ಸಾಧನ ಕೊಡಲಿಲ್ಲ. ಅವ್ವ ಒಂದು ವಾರ ಅವುಗಳನ್ನು ನೀರಿನ ಜೊತೆ ನುಂಗಿದರು. ಇದು ಅಪರೂಪದ ಸಂಗತಿ ಅಲ್ಲ, ನೋಡೋಕೆ ಅದು ನುಂಗುವ ಕ್ಯಾಪ್ಸೂಲಿನ ಹಾಗೇ ಇರುತ್ತದೆ. ಸಾಧನ ತರಿಸಿ, ಕ್ಯಾಪ್ಸೂಲ್ ತೂರಿಸಿ, ತಿರುಗಿಸಿ, ಮೊದಲು ಉಸಿರು ಹೊರಗೆ ಬಿಟ್ಟು, ಆಮೇಲೆ ಜೋರಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿದಿಟ್ಟುಕೊಳ್ಳೋದನ್ನು ಅಭ್ಯಾಸ ಮಾಡಿಸಬೇಕಾಯಿತು. ದಮ್ಮು ಹತ್ತಿದಾಗ ಒತ್ತುವ ಪಂಪಿಗೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಟೊಳ್ಳು ಡಬ್ಬಿ, ಬೇಕು, ಇಲ್ಲದಿದ್ದರೆ ಔಷಧಿ ಬಹಳಷ್ಟು ಗಂಟಲಲ್ಲೇ ಉಳಿಯುತ್ತದೆ. ಅಂಗಡಿಯ ಸ್ಪೇಸರಿನ ಬದಲು ಅರ್ಧ ಲೀಟರ್ ನೀರಿನ ಬಾಟಲಿ ಬಳಸಿದೆವು. ತಳದಲ್ಲಿ ಪಂಪಿನ ಬಾಯಿಗೆ ಸರಿಯಾಗಿ ತೂತು ಕೊರೆದು, ಸುತ್ತ ಅಂಟು ಹಾಕಿ ಮುಚ್ಚೋದು, ಬಾಟಲಿಯ ಬಾಯಿಂದ ಉಸಿರು ಎಳೆಯೋದು. ಇದು ನಮ್ಮ ಉಪಾಯವಲ್ಲ. ಕೇಪ್‌ಟೌನಿನಲ್ಲಿ ಅಸ್ತಮಾ ಇರುವ ಮಕ್ಕಳ ಮೇಲೆ ಪ್ರಯೋಗ ಮಾಡಿ, ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ 1999ರಲ್ಲೇ ಪ್ರಕಟಿಸಿದ್ದಾರೆ.

ಒಲೆಯ ವಿಷಯಕ್ಕೆ ಬಂದರೆ ಅರ್ಧ ಮಾತ್ರ ಗೆದ್ದಿದ್ದೇವೆ. ಉಜ್ವಲ ಯೋಜನೆಯ ಸಿಲಿಂಡರ್ ಊರಿನ ಮನೆಯಲ್ಲಿದೆ, ಜನ ಇಲ್ಲಿದ್ದಾರೆ. ವಲಸೆ ಬಂದವರು ಹೊಸ ಸಂಪರ್ಕ ಪಡೆಯೋಕೆ, 2021ರಿಂದ, ವಿಳಾಸಕ್ಕೆ ತಾವೇ ಬರೆದುಕೊಟ್ಟ ಪತ್ರ ಸಾಕು, ಆದರೆ ಒಂದು ಮನೆಗೆ ಒಂದೇ ಸಂಪರ್ಕ. ಐದು ಕೆಜಿಯ ಸಣ್ಣ ಸಿಲಿಂಡರ್ ತಂದರು. ಚಹಾ, ಅನ್ನ, ಸಾರು ಅದರ ಮೇಲೆ. ರೊಟ್ಟಿ ಇಲ್ಲ. ಮಾರುವಷ್ಟು ರೊಟ್ಟಿ ಗ್ಯಾಸಿನಲ್ಲಿ ಸುಟ್ಟರೆ ಅಸಲೂ ಬರಲ್ಲ ಅಂತ ಅವ್ವ ಲೆಕ್ಕ ಹೇಳಿದರು, ಲೆಕ್ಕ ಸರಿಯಾಗಿಯೇ ಇತ್ತು. ರೊಟ್ಟಿ ಬಿಡಿ ಅನ್ನೋದು ನಮಗೆ ಸುಲಭ. ಬಿಟ್ಟರೆ ಮನೆಯಲ್ಲಿ ಅವರ ಮಾತಿಗೆ ಬೆಲೆ ಎಷ್ಟು ಉಳಿಯುತ್ತದೆ ಅಂತ ಟಿಬಿ ಕಾಲದಲ್ಲಿ ನೋಡಿದ್ದೇವೆ.

ಹಾಗಾಗಿ ಒಲೆ ಹೊರಗೆ ಹೋಯಿತು. ಶೆಡ್ಡಿನ ಹಿಂದೆ, ಗಾಳಿ ಬರುವ ಕಡೆ ಬೆನ್ನು ಹಾಕಿ ಕೂರುವ ಹಾಗೆ. ಪ್ಲೈವುಡ್, ಬಣ್ಣದ ಹಲಗೆ ಉರಿಸೋದು ನಿಂತಿತು. ಈಗ ಒಣಗಿದ ನೀಲಗಿರಿ ಸೌದೆ. ರೊಟ್ಟಿ ಬಡಿಯೋದು ಅವ್ವ, ಸುಡೋದು ಸೊಸೆ. ಈ ಕೊನೆಯದು ನನಗೆ ಸಮಾಧಾನ ಕೊಟ್ಟಿಲ್ಲ. ಹೊಗೆ ಒಬ್ಬರ ಎದೆಯಿಂದ ಇನ್ನೊಬ್ಬರ ಎದೆಗೆ ವರ್ಗವಾಯಿತು, ಅಷ್ಟೆ. ಸೊಸೆಯನ್ನೂ ಊದುವ ಪರೀಕ್ಷೆಗೆ ಕರೆದೊಯ್ದೆವು, ಸದ್ಯ ಏನೂ ಇಲ್ಲ. ಮನೆಯೊಳಗಿನ ಹೊಗೆಯಿಂದ ಐದು ವರ್ಷದೊಳಗಿನ ಮಕ್ಕಳಿಗೆ ನ್ಯುಮೋನಿಯಾ ಬರುವ ಅಪಾಯ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಅದನ್ನು ಹೇಳಿದ ಮೇಲೆ ಸುಡುವ ಹೊತ್ತಿನಲ್ಲಿ ಮಗುವನ್ನು ಪಕ್ಕದ ಶೆಡ್ಡಿನಲ್ಲಿ ಬಿಡುತ್ತಾರೆ. ಮಗುವೀಗ ಮತ್ತೆ ಅವ್ವನ ಪಕ್ಕ ಮಲಗುತ್ತದೆ.

ಡಿಸೆಂಬರಿನಲ್ಲಿ ತೊಗರಿ ಕೊಯ್ಲಿಗೆ ಅವ್ವ ಊರಿಗೆ ಹೋದರು. ತೆಗೆದುಕೊಂಡು ಹೋಗಿದ್ದ ಕ್ಯಾಪ್ಸೂಲ್ ಮುಗಿಯಿತು, ಊರಿನ ಅಂಗಡಿಯಲ್ಲಿ ಸಿಗಲಿಲ್ಲ, ಕೆಲವು ವಾರ ತಪ್ಪಿತು. ವಾಪಸ್ ಬಂದಾಗ ದಮ್ಮು ಸ್ವಲ್ಪ ಜಾಸ್ತಿಯಾಗಿತ್ತು, ಮತ್ತೆ ಶುರು ಮಾಡಿದ ಮೇಲೆ ಇಳಿಯಿತು. ಮೊದಲು ನೀರಿನ ಟ್ಯಾಂಕಿನವರೆಗೆ ಹೋಗೋಕೆ ಎರಡು ಕಡೆ ನಿಲ್ಲುತ್ತಿದ್ದರು. ಈಗ ಒಂದು ಕಡೆ. ಕೊಡ ಮಾತ್ರ ಹೊರಲ್ಲ. ಕೈ ನಡುಕ ಹೋಗಿದೆ. ಬಿಟ್ಟು ಹೋಗಿದ್ದ ಗಿರಾಕಿಗಳಲ್ಲಿ ಹಲವರು ವಾಪಸ್ ಬಂದಿದ್ದಾರೆ. ಸಾಲಿನಲ್ಲಿ ಇನ್ನಿಬ್ಬರು ಹೆಂಗಸರು ತಮ್ಮ ಗೂರಲು ಕೆಮ್ಮಿಗೆ ಊದುವ ಪರೀಕ್ಷೆ ಆಗಬೇಕು ಅಂತ ಕೇಳಿಕೊಂಡು ಬಂದರು. ಕಳಿಸಿದ್ದು ಅವ್ವ.

ಈಗ ಉಳಿದಿರುವ ತಲೆನೋವು ಮಳೆ. ಮಳೆ ಬಂದರೆ ಒಲೆ ಮತ್ತೆ ಒಳಗೆ ಬರುತ್ತದೆ. ಹೊರಗಿನ ಒಲೆಗೆ ಮಾಡು ಬೇಕು, ಮೂರು ಕಡೆ ತೆರೆದಿರಬೇಕು. ಮೇಸ್ತ್ರಿಯನ್ನು ಕೇಳಿದ್ದೇವೆ. ಹಳೆಯ ತಗಡು ನಾಲ್ಕು ಕೊಡುತ್ತೇನೆ, ಕಂಬ ನೀವೇ ನೋಡಿಕೊಳ್ಳಿ ಅಂದಿದ್ದಾನೆ. ಕಂಬಕ್ಕೆ ಮಗ ಸರ್ವೆ ಮರ ಹುಡುಕುತ್ತಿದ್ದಾನೆ.